ಉತ್ತರವಿಲ್ಲ ಎಂದು ಮುಚ್ಚಿದ ದೂರು

ಕಳೆದ ವರ್ಷ ಜುಲೈ ತಿಂಗಳಲ್ಲಿ ನಮ್ಮ ಮನೆ ಮಾಲೀಕರಾದ ಮಂಜುಳಮ್ಮನ ಮೊಬೈಲಿಗೆ ಒಂದು ಸಂದೇಶ ಬಂತು. ‘ಮಾನ್ಯ ಗ್ರಾಹಕರೇ, ನಮ್ಮ ಮೂರು ಕರೆಗಳಿಗೂ ನೀವು ಉತ್ತರಿಸದ ಕಾರಣ ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ. ನಿಮ್ಮ ಸೇವೆಯೇ ನಮ್ಮ ಸಂತೋಷ.’ ದೂರು ಯಾವುದರ ಬಗ್ಗೆ ಗೊತ್ತೇ? ಕಿವಿಯ ಮಷೀನಿನ ಬಗ್ಗೆ. ಮಷೀನು ಕೆಟ್ಟು ಏನೂ ಕೇಳಿಸದೆ ಕೂತಿರುವ ಹೆಂಗಸಿಗೆ ಮೂರು ಸಲ ಫೋನ್ ಮಾಡಿ, ಅವರು ಎತ್ತಲಿಲ್ಲ ಎಂದು ಬರೆದುಕೊಂಡು ಕೈ ತೊಳೆದುಕೊಂಡಿದ್ದರು.

ಆ ಸಂದೇಶ ಓದಿದಾಗ ನನ್ನ ಮೈಗೆ ಹತ್ತಿದ ಉರಿ ಇನ್ನೂ ಆರಿಲ್ಲ. ಆರುವ ಮೊದಲೇ ಬರೆದುಬಿಡೋಣ ಎಂದು ಕೂತಿದ್ದೇನೆ. ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಅದೂ ಒಂದು ಜಾಹೀರಾತಾದೀತು, ಅಷ್ಟು ಪುಣ್ಯ ಅವರಿಗೆ ಬೇಡ. ನಾನು ಬರೆಯಬೇಕಾಗಿರುವುದು ಮಂಜುಳಮ್ಮನ ಬಗ್ಗೆ.

ರಾಮಮೂರ್ತಿ ನಗರದಲ್ಲಿ ಅವರದು ಚಿಕ್ಕ ಮನೆ. ಕೆಳಗೆ ಅವರು ಮತ್ತು ಅವರ ತಂಗಿ ಆಂಜನಮ್ಮ, ಮೇಲೆ ನಾನು ಮತ್ತು ನನ್ನ ಯಜಮಾನರು ಸಿದ್ಧಲಿಂಗೇಶ. ಬಾಡಿಗೆಗೆ ಬಂದು ಒಂಬತ್ತು ವರ್ಷವಾಯಿತು. ಮಂಜುಳಮ್ಮ ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ. ಈಗ ಅರವತ್ತೆಂಟು ವರ್ಷ. ಮದುವೆ ಆಗಲಿಲ್ಲ, ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದವರೊಬ್ಬರಿಗೆ ‘ಡ್ಯೂಟಿ ಇತ್ತು’ ಎಂದು ಉತ್ತರ ಕೊಟ್ಟಿದ್ದನ್ನು ಮಾತ್ರ ಕೇಳಿದ್ದೇನೆ.

ಆ ಡ್ಯೂಟಿ ಏನೆಂದರೆ, ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರು ತೆಗೆದುಕೊಳ್ಳುವ ಕೆಲಸ. ಫೋನ್ ಸತ್ತುಹೋಗಿದೆ, ಕರಕರ ಎನ್ನುತ್ತಿದೆ, ಬೇರೆಯವರ ಮಾತು ಕೇಳಿಸುತ್ತಿದೆ ಎಂದು ಜನ ಪಕ್ಕದ ಮನೆಯಿಂದಲೋ ಅಂಗಡಿಯಿಂದಲೋ ಫೋನ್ ಮಾಡಿ ರೇಗಾಡುವಾಗ ಈ ತುದಿಯಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂತಿರುತ್ತಿದ್ದವರು ಮಂಜುಳಮ್ಮ. ಕನ್ನಡ, ತಮಿಳು, ತೆಲುಗು, ದಖ್ಖನಿ, ಇಂಗ್ಲಿಷ್, ಬೈದವರಿಗೆ ಬೈದ ಭಾಷೆಯಲ್ಲೇ ಸಮಾಧಾನ ಹೇಳುತ್ತಿದ್ದರಂತೆ. ಒಂದು ಉದ್ದನೆಯ ಪುಸ್ತಕದಲ್ಲಿ ದೂರಿನ ನಂಬರು, ಸಮಯ, ಯಾರು ಮಾತಾಡಿದರು, ಏನು ತೊಂದರೆ ಎಂದು ನೀಲಿ ಶಾಯಿಯಲ್ಲಿ ಬರೆಯುವುದು. ಸರಿಯಾದ ಮೇಲೆ ಕೆಂಪು ಶಾಯಿಯಲ್ಲಿ ಟಿಕ್. ಆ ಟಿಕ್‌ಗೆ ಒಂದು ಕತೆ ಇದೆ.

ಕೆಲಸಕ್ಕೆ ಸೇರಿದ ಐದಾರು ವರ್ಷಕ್ಕೆ ಕಾಕ್ಸ್ ಟೌನಿನ ಮಾರಿಯಾ ಎಂಬ ವಯಸ್ಸಾದ ಹೆಂಗಸಿನ ಫೋನು ಕೆಟ್ಟಿತ್ತು. ಲೈನ್‌ಮನ್ ಬಸಣ್ಣ ಬಂದು ‘ಸರಿ ಮಾಡ್ದೆ ಮೇಡಂ’ ಅಂದ. ಮಂಜುಳಮ್ಮ ಆ ನಂಬರಿಗೆ ಫೋನ್ ಮಾಡಿ ನೋಡಿದರು, ಯಾರೂ ಎತ್ತಲಿಲ್ಲ. ‘ಉತ್ತರವಿಲ್ಲ’ ಎಂದು ಬರೆದು, ಟಿಕ್ ಹಾಕಿ, ಮುಂದಿನ ದೂರಿಗೆ ಹೋದರು. ಒಂದು ವಾರದ ನಂತರ ಮಾರಿಯಾ ಬಟ್ಟೆಯ ಚೀಲದಲ್ಲಿ ಫೋನನ್ನೇ ಹಾಕಿಕೊಂಡು ಬಂದು ಮೇಜಿನ ಮೇಲೆ ಕುಕ್ಕಿದರಂತೆ. ‘ಡೆಡ್ ಆಗಿರೋ ಫೋನ್‌ಗೆ ಫೋನ್ ಮಾಡಿ, ಆನ್ಸರ್ ಇಲ್ಲ ಅಂತ ಬರ್ಕೊಂಡಿದ್ದೀರಾ? ಯಾರಮ್ಮ ಆನ್ಸರ್ ಮಾಡ್ಬೇಕು, ಏಸು ಬಂದು ಮಾಡ್ಬೇಕಾ?’

‘ಅವತ್ತು ನಾನು ನೆಲಕ್ಕೆ ಇಳಿದುಹೋದೆ ವಿಮಲಾ’ ಎಂದು ಮಂಜುಳಮ್ಮ ನನಗೆ ಎಷ್ಟೋ ಸಲ ಹೇಳಿದ್ದಾರೆ. ಅಂದಿನಿಂದ ನಿವೃತ್ತಿಯ ದಿನದವರೆಗೆ, ಸರಿಯಾದ ಫೋನಿಗೆ ತಾವೇ ಕರೆ ಮಾಡಿ, ಆ ಮನೆಯವರ ಬಾಯಿಂದಲೇ ‘ಸರಿ ಆಗಿದೆ’ ಎಂದು ಕೇಳುವವರೆಗೆ ಅವರು ಕೆಂಪು ಪೆನ್ನು ಮುಟ್ಟಲಿಲ್ಲ. ಲೈನ್‌ಮನ್‌ಗಳು ಹಲ್ಲು ಕಡಿಯುತ್ತಿದ್ದರು. ಇವರು ಜಗ್ಗಲಿಲ್ಲ.

ಎಡಗಿವಿ ಕೆಲಸದಲ್ಲಿರುವಾಗಲೇ ಮಂದವಾಗಿ, ಆಮೇಲೆ ಪೂರ್ತಿ ಹೋಯಿತು. ಬಲಗಿವಿಗೆ ಮೂರು ವರ್ಷದ ಹಿಂದೆ ಮಷೀನು ಹಾಕಿಸಿಕೊಂಡರು. ಕಿವಿಯ ಹಿಂದೆ ಕೂರುವ, ಕಡಲೆಬೀಜದಷ್ಟು ದೊಡ್ಡದು, ಮೊಬೈಲಿನ ಹಾಗೆ ಚಾರ್ಜ್ ಮಾಡುವಂಥದ್ದು. ಉಳಿಸಿದ್ದರಲ್ಲಿ ದೊಡ್ಡ ಪಾಲು ಅದಕ್ಕೇ ಹೋಯಿತು. ಆದರೆ ಆ ಮಷೀನು ಅವರೊಬ್ಬರಿಗೆ ಕೊಂಡದ್ದಲ್ಲ. ಆಂಜನಮ್ಮನಿಗೆ ನಾಲ್ಕು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿವೆ. ಮುಂದಿನ ಕೋಣೆಯಲ್ಲಿ ಮಂಚದ ಮೇಲೇ ದಿನ. ಮಾತು ಇದೆ, ಆದರೆ ದನಿ ಸಣ್ಣದು. ನೀರು ಬೇಕಾದರೆ, ಬಚ್ಚಲಿಗೆ ಹೋಗಬೇಕಾದರೆ, ಮಗ್ಗುಲು ಬದಲಿಸಬೇಕಾದರೆ ‘ಅಕ್ಕಾ’ ಎಂದು ಕರೆಯುತ್ತಾರೆ. ಅಕ್ಕ ಅಡುಗೆಮನೆಯಲ್ಲಿರಲಿ, ಹಿತ್ತಿಲಲ್ಲಿರಲಿ, ಬಂದೇ ಬರುತ್ತಾರೆ. ಆ ಒಂದು ಕರೆಗಾಗಿ ಕೊಂಡ ಕಿವಿ ಅದು.

ಜೂನ್ ಕೊನೆಯ ಸೋಮವಾರ ಅದು ಕೈಕೊಟ್ಟಿತು. ಚಾರ್ಜಿಗಿಟ್ಟರೆ ದೀಪ ಹತ್ತುತ್ತದೆ, ಕಿವಿಗಿಟ್ಟರೆ ಸದ್ದಿಲ್ಲ. ಮಂಜುಳಮ್ಮ ಅದನ್ನು ಒರೆಸಿ, ಊದಿ, ಮತ್ತೆ ಚಾರ್ಜಿಗಿಟ್ಟು ಅಡುಗೆಗೆ ಹೋದರು. ಆಂಜನಮ್ಮ ಕರೆದರು. ಮತ್ತೆ ಕರೆದರು. ಮುಕ್ಕಾಲು ಗಂಟೆ ಕರೆದು, ಇನ್ನು ತಡೆಯಲಾರದೆ ತಾವೇ ಏಳಲು ಹೋಗಿ ಮಂಚದಿಂದ ಕೆಳಗೆ ಬಿದ್ದರು. ಅನ್ನದ ತಟ್ಟೆ ಹಿಡಿದು ಬಂದ ಅಕ್ಕನಿಗೆ ಕಂಡದ್ದು, ಒದ್ದೆ ನೆಲದ ಮೇಲೆ ಮುಖ ಗೋಡೆಗೆ ತಿರುಗಿಸಿ ಮಲಗಿದ್ದ ತಂಗಿ. ಮೂಳೆ ಮುರಿದಿರಲಿಲ್ಲ. ಸಂಜೆ ನಾನು ಆಫೀಸಿನಿಂದ ಬಂದಾಗ ಆಂಜನಮ್ಮ ನನ್ನ ಕಡೆಗೂ ಮುಖ ತಿರುಗಿಸಲಿಲ್ಲ.

ಮಷೀನಿಗೆ ಎರಡು ವರ್ಷದ ವಾರಂಟಿ ಇತ್ತು, ಇನ್ನೂ ಎರಡು ತಿಂಗಳು ಬಾಕಿ. ‘ವಾರಂಟಿ ಇದೆ, ಬಿಡಿ, ವಾರದಲ್ಲಿ ಆಗುತ್ತೆ’ ಎಂದು ಧೈರ್ಯ ಹೇಳಿದ ಬುದ್ಧಿವಂತೆ ನಾನೇ. ಕಂಪನಿಗೆ ಫೋನ್ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ, ಒಂಬತ್ತು ಒತ್ತಿ, ಹದಿನೇಳು ನಿಮಿಷ ವೀಣೆ ಕೇಳಿ, ಕೊನೆಗೊಬ್ಬ ಸಿಕ್ಕ.

‘ಗ್ರಾಹಕರೇ ಮಾತಾಡ್ಬೇಕು ಮೇಡಂ.’

‘ಗ್ರಾಹಕರಿಗೆ ಕಿವಿ ಕೇಳಿಸಲ್ಲ. ಅದಕ್ಕೇ ಅಲ್ವೇನಪ್ಪ ನಿಮ್ಮ ಮಷೀನ್ ತಗೊಂಡಿರೋದು?’

‘ಅರ್ಥ ಆಯ್ತು ಮೇಡಂ. ಆದ್ರೆ ವೆರಿಫಿಕೇಶನ್‌ಗೆ ಅವರ ವಾಯ್ಸ್ ಬೇಕು.’

ಅರ್ಥ ಆಯಿತು ಎಂದು ಅವನು ಐದು ಸಲ ಹೇಳಿದ. ಒಂದು ಸಲವೂ ಅರ್ಥ ಆಗಿರಲಿಲ್ಲ. ಮೊಬೈಲ್ ಆ್ಯಪಿನಲ್ಲಿ ಬರೆದರೆ ಅಲ್ಲೊಬ್ಬಳು ಯಂತ್ರದ ಸಹಾಯಕಿ, ಏನು ಬರೆದರೂ ‘ನಮ್ಮ ಪ್ರತಿನಿಧಿ ನಿಮಗೆ ಕರೆ ಮಾಡುತ್ತಾರೆ’ ಎನ್ನುವವಳು. ಮಾಡಿದರು. ನಾನು ಆಫೀಸಿನಲ್ಲಿದ್ದ ಹೊತ್ತಿನಲ್ಲಿ, ಮಂಜುಳಮ್ಮನ ಫೋನು ಕಪಾಟಿನ ಮೇಲಿದ್ದಾಗ, ಮೂರು ಸಲ ಮಾಡಿದರು. ನಾಲ್ಕನೆಯ ದಿನ ಆ ಸಂದೇಶ ಬಂತು.

ಸಂದೇಶವನ್ನು ಮಂಜುಳಮ್ಮ ಎರಡು ಸಲ ಓದಿದರು. ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ, ಅವರಿಗೆ ಕೇಳಿಸುತ್ತಿರಲಿಲ್ಲ, ಆದರೂ ಬೈದೆ. ಅವರು ಕಪಾಟಿನಿಂದ ಒಂದು ಉದ್ದನೆಯ ಪುಸ್ತಕ ತೆಗೆದರು. ನಿವೃತ್ತಿಯಾದ ಮೇಲೂ ಗ್ಯಾಸು, ಕರೆಂಟು, ನೀರಿನ ದೂರುಗಳನ್ನೆಲ್ಲ ಬರೆದಿಡುವ ಪುಸ್ತಕ. ಹೊಸ ಹಾಳೆಯಲ್ಲಿ ನೀಲಿ ಶಾಯಿಯಲ್ಲಿ ದೂರಿನ ನಂಬರು ಬರೆದರು. ಅದರ ಕೆಳಗೆ ‘ಉತ್ತರವಿಲ್ಲ ಎಂದು ಮುಚ್ಚಿದ್ದಾರೆ’ ಎಂದು ಬರೆದು, ಪೆನ್ನು ಮುಚ್ಚಿದರು.

‘ಮಾರಿಯಾ ನೋಡಿದ್ರೆ ನಗ್ತಿದ್ರು’ ಅಂದರು.

ಎರಡನೆಯ ದೂರು ಕೊಟ್ಟೆವು. ಈ ಸಲ ಕರೆಗೆ ತಾವೇ ಉತ್ತರಿಸುವುದಾಗಿ ಮಂಜುಳಮ್ಮ ಹಟ ಹಿಡಿದರು. ಹೇಗೆ ಎಂದು ನಾನು ಪುಸ್ತಕದಲ್ಲಿ ಬರೆದು ಕೇಳಿದೆ. ಆಗ ನಮ್ಮ ಮಾತೆಲ್ಲ ಹಾಗೆಯೇ, ನಾನು ಬರೆಯುವುದು, ಅವರು ಹೇಳುವುದು.

‘ನನಗೆ ಕೇಳಿಸೋದೇ ಬೇಡ. ಈ ಕರೆನ ಮೂವತ್ತೊಂದು ವರ್ಷ ನಾನೇ ಮಾಡಿದೀನಿ. ಮೊದ್ಲು, ಮಂಜುಳಮ್ಮ ನೀವೇನಾ ಅಂತ ಕೇಳ್ತಾರೆ. ಹೌದು. ಆಮೇಲೆ, ದೂರು ಕೊಟ್ಟಿದ್ದು ನೀವೇನಾ. ಹೌದು. ಆಮೇಲೇನೇ, ಸರಿ ಆಯ್ತಾ. ಇಲ್ಲ. ಹೌದು, ಹೌದು, ಇಲ್ಲ. ಅಷ್ಟೇ. ಫೋನಲ್ಲಿ ಸೆಕೆಂಡ್ ಓಡುತ್ತಲ್ಲ, ಅದನ್ನ ನೋಡ್ಕೊಂಡು ಹೇಳ್ತೀನಿ.’

ನನಗೆ ಅದು ಭೇಷ್ ಅನ್ನಿಸಿತು. ಈಗ ನೆನೆದರೆ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು ಅನ್ನಿಸುತ್ತದೆ. ಮಂಗಳವಾರ ಬೆಳಿಗ್ಗೆ ಕರೆ ಬಂತು. ಅವರು ಫೋನನ್ನು ಮಡಿಲಲ್ಲಿಟ್ಟುಕೊಂಡೇ ಕೂತಿದ್ದರು, ಎತ್ತಿದರು, ಸೆಕೆಂಡು ನೋಡಿಕೊಂಡು, ಹಳೆಯ ಡ್ಯೂಟಿಯ ದನಿಯಲ್ಲಿ ‘ಹೌದು’ ಅಂದರು. ಅಷ್ಟಕ್ಕೇ ಕರೆ ಕಟ್ ಆಯಿತು. ಲೈನ್ ಸರಿಯಿಲ್ಲ, ಮತ್ತೆ ಮಾಡುತ್ತಾರೆ ಎಂದು ಕಾದರು. ಮಧ್ಯಾಹ್ನ ಸಂದೇಶ ಬಂತು. ‘ನಿಮ್ಮ ಸಮಸ್ಯೆ ಪರಿಹಾರವಾಗಿದೆ ಎಂದು ನೀವು ದೃಢಪಡಿಸಿದ್ದಕ್ಕೆ ಧನ್ಯವಾದಗಳು.’

ಅವರ ಯಂತ್ರ ಕೇಳುವ ಮೊದಲ ಪ್ರಶ್ನೆಯೇ ‘ಸಮಸ್ಯೆ ಬಗೆಹರಿದಿದೆಯೇ’ ಎಂಬುದು. ಹೌದು ಅಂದರೆ ಅಲ್ಲಿಗೇ ಮುಗಿಯಿತು. ಇದು ನಮಗೆ ಗೊತ್ತಾದದ್ದು ಆಮೇಲೆ. ಗೊತ್ತಾದಾಗ ಮಂಜುಳಮ್ಮನಿಗೆ ಬಂದ ಸಿಟ್ಟನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಬೀದಿಯಲ್ಲಿ ನಿಂತು ಕೂಗಿದರು. ‘ಹೆಸರೇ ಕೇಳ್ದೆ, ಸರಿ ಆಯ್ತಾ ಅಂತ ಯಾರಾದ್ರೂ ಕೇಳ್ತಾರೇನ್ರೀ? ಯಾರು ಕಲಿಸಿದ್ದು ಇವರಿಗೆ ಕೆಲ್ಸ?’

ಈ ನಡುವೆ ಕೆಳಗಿನ ಮನೆಯಲ್ಲಿ ನಡೆಯುತ್ತಿದ್ದುದು ಬೇರೆ. ನಾನು ಆನ್‌ಲೈನಿನಲ್ಲಿ ದೀಪ ಹತ್ತುವ ಬೆಲ್ಲು ತರಿಸಿಕೊಟ್ಟೆ. ರೊಟ್ಟಿ ತಟ್ಟುವವರಿಗೆ ದೀಪ ನೋಡುತ್ತಾ ಕೂರಲಾಗುತ್ತದೆಯೇ? ಮಂಜುಳಮ್ಮ ಹಳೆಯ ಸೀರೆಯ ಅಂಚು ಹರಿದು ಉದ್ದನೆಯ ದಾರ ಮಾಡಿದರು. ಒಂದು ತುದಿ ತಂಗಿಯ ಬಲಗೈಯ ಹತ್ತಿರ, ಇನ್ನೊಂದು ತುದಿ ತಮ್ಮ ಮಣಿಕಟ್ಟಿಗೆ. ಬೇಕಾದಾಗ ಎಳೆಯಬೇಕು.

‘ನಾನೇನು ನಿನ್ನ ಎಮ್ಮೆ ಥರ ಎಳೀಬೇಕಾ?’ ಅಂದರು ಆಂಜನಮ್ಮ. ಅಕ್ಕನಿಗೆ ಕೇಳಿಸಲಿಲ್ಲ. ದಾರ ಮೂರು ದಿನ ಹಾಗೇ ಬಿದ್ದಿತ್ತು, ಒಮ್ಮೆಯೂ ಅಲುಗಲಿಲ್ಲ. ಆಂಜನಮ್ಮ ಒಂದು ಕಾಲದಲ್ಲಿ ಹಲಸೂರಿನಲ್ಲಿ ನರ್ಸರಿ ಶಾಲೆಯ ಟೀಚರಾಗಿದ್ದವರು, ಒಂದು ಮಾತಿಗೆ ನಲವತ್ತು ಮಕ್ಕಳನ್ನು ಸುಮ್ಮನಾಗಿಸುತ್ತಿದ್ದವರು. ದಾರ ಎಳೆದು ಬಚ್ಚಲಿಗೆ ಹೋಗಲು ಅವರಿಂದ ಆಗಲಿಲ್ಲ. ಅಕ್ಕ ಗಡಿಯಾರ ನೋಡಿಕೊಂಡು ಗಂಟೆಗೊಮ್ಮೆ ಹೋಗಿ ‘ಏನಾದ್ರೂ ಬೇಕಾ’ ಎಂದು ಕೇಳತೊಡಗಿದರು. ತಂಗಿ ಬೇಡ ಎಂದು ತಲೆ ಆಡಿಸುತ್ತಿದ್ದರು.

ಎರಡನೆಯ ದೂರೂ ಮುಚ್ಚಿದ ಮೇಲೆ ನಾನು ರಜೆ ಹಾಕಿದೆ. ಸಿದ್ಧಲಿಂಗೇಶ ಆಂಜನಮ್ಮನ ಜೊತೆ ಕೂತರು. ನಾನು ಮತ್ತು ಮಂಜುಳಮ್ಮ ಆಟೋ ಹತ್ತಿ ಇಂದಿರಾನಗರಕ್ಕೆ, ಕಂಪನಿಯ ಕೇಂದ್ರಕ್ಕೆ ಹೋದೆವು. ಅದಕ್ಕೆ ಅವರು ಇಟ್ಟಿರುವ ಹೆಸರು ‘ಅನುಭವ ಕೇಂದ್ರ’. ಅನುಭವ ಆಯಿತು. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಕಾಫಿ ಮಷೀನು, ಗೋಡೆಯ ತುಂಬ ನಗುವ ಮುದುಕರ ಫೋಟೋ. ಟೋಕನ್ ಕೊಟ್ಟು ಕೂರಿಸಿದರು. ಟೋಕನ್ ನಂಬರು ತೋರಿಸುವ ಬೋರ್ಡು ಇಲ್ಲ. ಬಾಯಲ್ಲಿ ಕೂಗಿ ಕರೆಯುತ್ತಾರೆ. ಕಿವಿ ಕೇಳಿಸದವರೇ ಬರುವ ಜಾಗದಲ್ಲಿ!

ನಮ್ಮ ಮುಂದೆ ಬೈಲಪ್ಪ ಎಂಬ ಒಬ್ಬ ನಿವೃತ್ತ ಮೇಷ್ಟ್ರು ಕೂತಿದ್ದರು. ಅವರ ನಂಬರು ಎರಡು ಸಲ ಕೂಗಿ, ಬರಲಿಲ್ಲ ಎಂದು ಮುಂದಿನವರನ್ನು ಕರೆದರು. ನಾನು ಎದ್ದೆ. ನಾನು ರಾಣೆಬೆನ್ನೂರಿನವಳು. ಸಿಟ್ಟು ನೆತ್ತಿಗೇರಿದರೆ ಹದಿನೆಂಟು ವರ್ಷದ ಬೆಂಗಳೂರು ನನ್ನ ನಾಲಗೆಯಿಂದ ಜಾರಿ ಬೀಳುತ್ತದೆ.

‘ಏನ್ ಹಚ್ಚೀರಿ ಇದು? ಮನಷ್ಯಾರ ಅದೀರೋ ಏನ್ ಅದೀರಿ? ಕಿವಿ ಕೇಳ್ತಿದ್ರ ಅವ್ರು ನಿಮ್ಮ ಹಂತೇಕ ಯಾಕ್ ಬರ್ತಿದ್ರು?’

ಎಲ್ಲರೂ ನನ್ನ ಕಡೆ ತಿರುಗಿದರು. ಕೇಳಿಸಿ ಅಲ್ಲ, ನನ್ನ ಕೈ ಬೀಸಾಟ ನೋಡಿ. ಮೇಷ್ಟ್ರನ್ನು ಒಳಗೆ ಕರೆದರು. ಆಮೇಲೆ ನಮ್ಮನ್ನೂ ಕರೆದರು.

ಕೌಂಟರಿನಲ್ಲಿದ್ದವಳು ಸೃಷ್ಟಿ ಎಂಬ ಹುಡುಗಿ, ಇಪ್ಪತ್ತಮೂರು ಇಪ್ಪತ್ತನಾಲ್ಕು ಇರಬಹುದು. ಮಷೀನನ್ನು ಒಳಗೆ ಕಳಿಸಿ, ಹತ್ತು ನಿಮಿಷಕ್ಕೆ ವಾಪಸ್ ತರಿಸಿ, ಕಂಪ್ಯೂಟರ್ ನೋಡಿಕೊಂಡು ಹೇಳಿದಳು. ‘ತೇವ ಹೋಗಿದೆ ಮ್ಯಾಮ್. ತೇವಕ್ಕೆ ವಾರಂಟಿ ಬರಲ್ಲ. ಈ ಮಾಡೆಲ್ ನಿಂತೋಗಿದೆ, ಪಾರ್ಟ್ಸ್ ಸಿಗಲ್ಲ. ಹೊಸದಕ್ಕೆ ಎಕ್ಸ್‌ಚೇಂಜ್ ಆಫರ್ ಇದೆ.’

‘ಎಲ್ಲಿಯ ತೇವ?’

‘ಬೆವರು ಇರಬಹುದು ಮ್ಯಾಮ್.’

ಕಿವಿಯ ಹಿಂದೆ ಹಾಕುವ ಮಷೀನಿಗೆ ಬೆವರು ತಾಗಬಾರದಂತೆ. ಹಾಗಾದರೆ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕಿತ್ತು, ಬೀರುವಿನಲ್ಲೇ? ನಾನು ಕೂಗಿದೆ. ಮ್ಯಾನೇಜರ್ ಬಂದ, ಅವನಿಗೂ ಕೂಗಿದೆ. ಅವನು ಕಾಫಿ ಕೊಡಲು ಬಂದ. ದೂರುಗಳನ್ನು ಯಾಕೆ ಮುಚ್ಚಿದಿರಿ ಎಂದರೆ, ಅದು ಬೇರೆ ವಿಭಾಗ, ಗುರುಗ್ರಾಮದಲ್ಲಿದೆ ಎಂದ. ಮಂಜುಳಮ್ಮ ಕೂಗಲಿಲ್ಲ. ಪುಸ್ತಕ ತೆಗೆದು, ಆ ಕರೆಯಲ್ಲಿ ಮೊದಲು ಏನು ಕೇಳುತ್ತಾರೆ ಎಂದು ಬರೆದುಕೊಡಲು ಸೃಷ್ಟಿಗೆ ಹೇಳಿದರು. ಅವಳು ಬರೆದುಕೊಟ್ಟಳು. ಅದನ್ನು ಓದಿ ಎದ್ದು ಹೊರಗೆ ಹೋಗಿ, ಆಗಲೇ ಹೇಳಿದೆನಲ್ಲ, ಬೀದಿಯಲ್ಲಿ ಕೂಗಿದರು.

ಸೃಷ್ಟಿ ನಮ್ಮ ಹಿಂದೆಯೇ ಬಂದಳು, ನಾವು ಮರೆತು ಬಂದ ಮಷೀನಿನ ಡಬ್ಬಿ ಕೊಡುವ ನೆಪದಲ್ಲಿ. ಗಾಜಿನ ಬಾಗಿಲ ಕಡೆ ಒಮ್ಮೆ ನೋಡಿ, ಬೇಗ ಬೇಗ ಹೇಳಿದಳು. ‘ಆಂಟಿ, ನಾನ್ ಹೇಳ್ದೆ ಅಂತ ಹೇಳ್ಬೇಡಿ. ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ ಹಿಂದ್ಗಡೆ ರಹೀಂ ಅಂತ ಇದಾರೆ, ರೇಡಿಯೋ ರಿಪೇರಿ. ನಮ್ಮ ತಾತಂದು ಅವರೇ ಮಾಡಿದ್ದು. ಇಲ್ಲಿ ಒಳಗಡೆ ಯಾರೂ ಮಷೀನ್ ಬಿಚ್ಚಿಲ್ಲ.’ ಬಿಚ್ಚಿ ನೋಡದೆಯೇ ತೇವ ಎಂದಿದ್ದರು. ಹೇಳಿ ಒಳಗೆ ಓಡಿದಳು. ಆ ಹುಡುಗಿಯನ್ನು ಬೈದದ್ದಕ್ಕೆ ನನಗೆ ಈಗಲೂ ಬೇಸರವಿದೆ. ಅಷ್ಟು ದೊಡ್ಡ ಕಂಪನಿಯಲ್ಲಿ ನಮಗೆ ಸಿಕ್ಕ ಸೇವೆ ಎಂದರೆ ಅವಳು ಕದ್ದು ಮಾಡಿದ ಅದೊಂದೇ.

ರಹೀಂ ಅವರ ಅಂಗಡಿ ಒಂದು ಬಾಗಿಲಿನಷ್ಟೇ ಅಗಲ. ಮೇಲೆ ಕೆಳಗೆ ಹಳೆಯ ರೇಡಿಯೋ, ಮಿಕ್ಸಿ, ಟೀವಿ ರಿಮೋಟು. ಅರವತ್ತು ದಾಟಿದ ಮನುಷ್ಯ, ಕಣ್ಣಿಗೆ ಭೂತಗನ್ನಡಿ. ಅವರ ಹೆಂಡತಿ ಶಕೀಲಾಗೂ ಕಿವಿ ಮಂದವಂತೆ. ಅವರ ಮಷೀನು ರಿಪೇರಿ ಮಾಡುತ್ತಲೇ ಈ ಕೆಲಸ ಕಲಿತರಂತೆ. ಇದೆಲ್ಲ ಅವರು ಹೇಳಿದ್ದು ನನಗಲ್ಲ, ಮಂಜುಳಮ್ಮನಿಗೆ. ಮುಖವನ್ನು ಅವರ ಕಡೆ ನೇರ ತಿರುಗಿಸಿ, ತುಟಿ ಅಗಲಿಸಿ, ನಿಧಾನವಾಗಿ ಮಾತಾಡಿದರು. ಮಂಜುಳಮ್ಮನಿಗೆ ಮುಕ್ಕಾಲು ಪಾಲು ಅರ್ಥವಾಯಿತು. ಅಷ್ಟು ದಿನದಲ್ಲಿ ಹಾಗೆ ಮಾತಾಡಿದವರು ಅವರೊಬ್ಬರೇ.

ನಮ್ಮೆದುರೇ ಮಷೀನು ಬಿಚ್ಚಿದರು. ತೇವವೂ ಇಲ್ಲ ಮಣ್ಣೂ ಇಲ್ಲ. ಒಳಗಿರುವ ಅಕ್ಕಿಕಾಳಿನಷ್ಟು ಸ್ಪೀಕರು ಸುಟ್ಟಿತ್ತು. ‘ಹೋ ಜಾತಾ ಅಮ್ಮಾ, ಆಗೋಗುತ್ತೆ. ನಾಳೆ ಬನ್ನಿ’ ಅಂದರು.

ನಾಳೆ ಹೋದೆವು. ‘ನಾಳೆ ಬನ್ನಿ.’ ಮತ್ತೆ ಎರಡು ದಿನ ಬಿಟ್ಟು ಹೋದೆವು. ಅಂಗಡಿಗೆ ಬೀಗ. ಅದರ ಮುಂದಿನ ವಾರ ಹೋದರೆ, ‘ಆಯ್ತು ಅಂತಾನೇ ತಿಳ್ಕೊಳ್ಳಿ, ನಾಳೆ ಪಕ್ಕಾ.’ ರಾಮಮೂರ್ತಿ ನಗರದಿಂದ ಶಿವಾಜಿನಗರಕ್ಕೆ ಬಸ್ಸಿನಲ್ಲಿ ಹೋಗಿ ಬರುವುದೆಂದರೆ ಅರ್ಧ ದಿನ. ನನ್ನ ರಜೆ ಮುಗಿದು ಮಂಜುಳಮ್ಮ ಒಬ್ಬರೇ ಹೋಗತೊಡಗಿದರು. ಹಾರ್ನ್ ಕೇಳಿಸದೆ ಆ ರಸ್ತೆ ದಾಟುವುದನ್ನು ನೆನೆದು ನನಗೆ ಆಫೀಸಿನಲ್ಲಿ ಕೆಲಸವೇ ಸಾಗುತ್ತಿರಲಿಲ್ಲ. ಕಂಪನಿಯವರದು ನಯವಾದ ಸುಳ್ಳು, ಇವರದು ಒರಟು ಸುಳ್ಳು, ಎರಡೂ ಒಂದೇ ಎಂದು ರಹೀಂ ಅವರನ್ನೂ ಮನಸಾರೆ ಬೈದೆ.

ಒಂದು ಶನಿವಾರ ನಾನೂ ಹೋದೆ. ಮತ್ತೆ ‘ನಾಳೆ’. ಮಂಜುಳಮ್ಮ ಪುಸ್ತಕ ತೆಗೆದು, ಯಾವ ತಾರೀಖು ಎಷ್ಟು ಗಂಟೆಗೆ ಬಂದಾಗ ಯಾವ ನಾಳೆ ಹೇಳಿದರು ಎಂದು ಒಂದೊಂದಾಗಿ ಜೋರಾಗಿ ಓದಿದರು. ಎದುರಿನ ಬುರ್ಖಾ ಅಂಗಡಿಯವರು ಹೊರಗೆ ಬಂದು ನಿಂತು ಕೇಳಿದರು. ರಹೀಂ ಭೂತಗನ್ನಡಿ ತೆಗೆದಿಟ್ಟರು.

‘ಹೌದಮ್ಮಾ, ಸುಳ್ ಹೇಳ್ದೆ’ ಅಂದರು, ಮಂಜುಳಮ್ಮನ ಕಡೆಗೇ ಮುಖ ಮಾಡಿ. ‘ಆ ಸ್ಪೀಕರ್ ಬಜಾರಲ್ಲಿ ಸಿಗಲ್ಲ. ಯಾರ್ದಾದ್ರೂ ಹಳೇ ಮಷೀನ್ ಬರ್ಬೇಕು, ಅದ್ರಿಂದ ತೆಗೀಬೇಕು. ಯಾವಾಗ ಬರುತ್ತೋ ನಂಗೇ ಗೊತ್ತಿಲ್ಲ. ಗೊತ್ತಿಲ್ಲ ಅಂದ್ರೆ ನೀವು ವಾಪಸ್ ತಗೊಂಡ್ಹೋಗಿ ಮೂಲೆಗೆ ಹಾಕ್ತೀರಾ. ಎಲ್ರೂ ಹಂಗೇ ಮಾಡೋದು. ನಾಳೆ ಅಂದ್ರೆ ಇನ್ನೊಂದ್ಸಲ ಬರ್ತೀರಾ.’

‘ಇದನ್ನ ಮೊದ್ಲೇ ಹೇಳೋಕೇನಾಗಿತ್ತು ನಿಮಗೆ?’ ಎಂದು ಮಂಜುಳಮ್ಮ ಗದರಿದರು. ‘ಕಾಯಿ ಅಂದ್ರೆ ಕಾಯ್ತಿದ್ದೆ. ನನ್ನ ತಂಗಿ ಅಲ್ಲಿ ಒಬ್ಬಳೇ ಮಲಗಿರ್ತಾಳೆ ರೀ, ನಾನು ಇಲ್ಲಿ ನಿಮ್ಮ ನಾಳೆ ಕೇಳೋಕೆ ಬಸ್ ಹತ್ತಿ ಬರ್ತೀನಿ!’

ಆ ಮಾತು ರಹೀಂ ಅವರಿಗೆ ನಾಟಿತು ಎಂದು ಕಾಣುತ್ತದೆ, ಯಾಕೆಂದರೆ ಮಂಗಳವಾರ ಅವರೇ ನನಗೆ ಫೋನ್ ಮಾಡಿದರು. ಸಾಮಾನು ಸಿಕ್ಕಿದೆ, ಶುಕ್ರವಾರ ಬಿಟ್ಟು ಯಾವತ್ತಾದರೂ ಬನ್ನಿ ಎಂದರು. ಎಲ್ಲಿ ಸಿಕ್ಕಿತು ಎಂದು ಕೇಳಿದೆ. ಶಕೀಲಾ ಅವರ ಹಳೆಯ ಮಷೀನಿನದಂತೆ, ಹೊಸದು ಕೆಟ್ಟರೆ ಇರಲಿ ಎಂದು ಇಟ್ಟುಕೊಂಡದ್ದಂತೆ. ಬೈದದ್ದನ್ನೆಲ್ಲ ಮನಸ್ಸಿನಲ್ಲೇ ವಾಪಸ್ ತೆಗೆದುಕೊಂಡೆ. ಆದರೂ ಆ ನಾಳೆಗಳನ್ನು ನಾನು ಮನ್ನಿಸುವುದಿಲ್ಲ.

ಗುರುವಾರ ಹೋದೆವು. ರಹೀಂ ಮಷೀನನ್ನು ಮಂಜುಳಮ್ಮನ ಕಿವಿಗೆ ಹಾಕಿ, ತಮ್ಮ ಸ್ಟೂಲನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತರು. ತುಟಿ ಕಾಣಬಾರದು ಎಂದು ಅವರು ಯಾವಾಗಲೂ ಹಾಗೆಯೇ ಪರೀಕ್ಷೆ ಮಾಡುವುದಂತೆ. ಗೋಡೆಗೆ ಮುಖ ಮಾಡಿ, ಮೆತ್ತಗೆ ಅಂದರು. ‘ಅಮ್ಮಾ, ನಾಳೆ ಬನ್ನಿ.’

‘ನಾಳೆ ಅಂದ್ರೆ ಒದೀತೀನಿ!’ ಅಂದರು ಮಂಜುಳಮ್ಮ. ಅಂದ ಮೇಲೆ ಕೈ ಕಿವಿಗೆ ಹೋಯಿತು. ಐವತ್ತೆರಡು ದಿನದ ಮೇಲೆ ಅವರಿಗೆ ಕೇಳಿಸಿದ ಮೊದಲ ಮಾತು ಅದು. ಬುರ್ಖಾ ಅಂಗಡಿಯವರೂ ನಕ್ಕರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಂಡಕ್ಟರ್ ಏನಂದ, ಹಿಂದಿನ ಸೀಟಿನವರು ಏನಂದರು ಎಂದು ನನಗೆ ವರದಿ ಕೊಡುತ್ತಾ ಬಂದರು.

ಶನಿವಾರ ನನಗೆ ರಜೆ. ಹತ್ತು ಗಂಟೆಗೆ ಕೆಳಗೆ ಹೋದೆ. ಮಂಜುಳಮ್ಮ ಅಡುಗೆಮನೆಯಲ್ಲಿ ಪುಸ್ತಕ ತೆರೆದಿಟ್ಟು ಕೂತಿದ್ದರು, ಪಕ್ಕದಲ್ಲಿ ಕೆಂಪು ಪೆನ್ನು.

‘ಏನು, ಟಿಕ್ ಹಾಕಿಲ್ವಾ?’ ಅಂದೆ.

‘ಹೇಗೆ ಹಾಕ್ಲಿ? ಅವಳು ಕರೆದ್ರೆ ತಾನೆ? ಎರಡು ದಿನ ಆಯ್ತು, ಒಂದ್ಸಲಾನೂ ಕರೆದಿಲ್ಲ. ನಾನೇ ಗಂಟೆಗೊಂದ್ಸಲ ಹೋಗಿ ಕೇಳ್ತಿದೀನಿ. ಬೇಡ ಅಂತಾಳೆ.’

ನಾನೂ ಕೂತೆ. ಕುಕ್ಕರು ಕೂಗಿತು, ಸೊಪ್ಪಿನವನು ಕೂಗಿಕೊಂಡು ಹೋದ, ಮೇಲೆ ನಮ್ಮ ಮನೆಯ ನಲ್ಲಿಯ ಸದ್ದು ಸಹ ಮಂಜುಳಮ್ಮನಿಗೆ ಕೇಳಿಸಿತು. ಮುಂದಿನ ಕೋಣೆಯಿಂದ ಮಾತ್ರ ಏನೂ ಇಲ್ಲ. ಹನ್ನೆರಡೂವರೆಗೆ ಇಬ್ಬರೂ ಎದ್ದು ಹೋದೆವು. ಆಂಜನಮ್ಮ ಎಚ್ಚರವಾಗಿಯೇ ಇದ್ದರು. ಕೈಗೆಟುಕುವಂತೆ ಸ್ಟೂಲಿನ ಮೇಲೆ ಬೆಳಿಗ್ಗೆ ಇಟ್ಟ ನೀರಿನ ಲೋಟ, ಅಂಚಿನವರೆಗೆ ತುಂಬಿದ್ದು ಹಾಗೇ ಇತ್ತು. ಅವರ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಇಷ್ಟು ದಿನ ನಾನು ಅದನ್ನು ನೋಡಿಯೂ ನೋಡಿರಲಿಲ್ಲ.

‘ನೀರ್ ಯಾಕೆ ಕುಡಿದಿಲ್ಲ?’ ಎಂದು ಮಂಜುಳಮ್ಮ ಕೇಳಿದರು.

ಆಂಜನಮ್ಮ ಗೋಡೆಯ ಕಡೆ ನೋಡಿದರು. ಮೊದಲೇ ಸಣ್ಣದಾಗಿದ್ದ ದನಿ ಇನ್ನೂ ಸಣ್ಣದಾಗಿತ್ತು.

‘ಕುಡಿದ್ರೆ ಕರೀಬೇಕಾಗುತ್ತಲ್ಲ ಅಕ್ಕ.’

ಮಂಜುಳಮ್ಮನಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಮಷೀನು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಅವರು ಮಂಚದ ಅಂಚಿನಲ್ಲಿ ಕೂತು ಬಾಗಿ ತಂಗಿಯ ತಲೆಯನ್ನು ತೋಳಿನ ಮೇಲೆ ಎತ್ತಿಕೊಂಡು ಲೋಟವನ್ನು ತುಟಿಗೆ ಹಿಡಿದರು. ಆಂಜನಮ್ಮ ಅರ್ಧ ಕುಡಿದು ಸಾಕು ಎಂದರು. ಆ ಹೊತ್ತಿನಲ್ಲಿ ನನಗೆ ಆ ಗುರುಗ್ರಾಮದ ವಿಭಾಗ ಎಲ್ಲಿದೆಯೋ ಅಲ್ಲಿಗೆ ಹೋಗಿ, ಆ ಯಂತ್ರದ ಹೆಣ್ಣುದನಿಯ ಹಿಂದೆ ಯಾವ ಮನುಷ್ಯ ಕೂತಿದ್ದಾನೋ ಅವನ ಕೈ ಹಿಡಿದು ಎಳೆದು ತಂದು ಈ ಲೋಟದ ಮುಂದೆ ನಿಲ್ಲಿಸಬೇಕು ಅನ್ನಿಸಿತು. ನೋಡಪ್ಪ, ನೀನು ಮುಚ್ಚಿದ ದೂರು ಇದು ಎಂದು ತೋರಿಸಬೇಕಿತ್ತು.

‘ನಾನು ಅಡುಗೆಮನೇಲಿ ಇರ್ತೀನಿ. ಬೇಕಾದಾಗ ಕರಿ. ನಾನಾಗಿ ಬರಲ್ಲ’ ಎಂದು ಹೇಳಿ ಮಂಜುಳಮ್ಮ ಎದ್ದರು.

ಅಡುಗೆಮನೆಯಲ್ಲಿ ಗೋಡೆಗೆ ಒರಗಿ ನಿಂತರು. ಎಕ್ಸ್‌ಚೇಂಜಿನಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂರುತ್ತಿದ್ದಾಗ ಹೀಗೇ ಇದ್ದಿರಬೇಕು, ಕಣ್ಣು ನೆಲದ ಮೇಲೆ, ಬಲಗಿವಿ ಸ್ವಲ್ಪ ಮುಂದೆ. ನನಗೆ ಮಾತಾಡಬೇಡ ಎಂದು ಕೈ ಮಾಡಿದರು. ಕಾಲು ಗಂಟೆ ಕಳೆಯಿತು, ಅರ್ಧ ಗಂಟೆಯಾಯಿತು. ಒಂದು ಗಂಟೆಯ ಹತ್ತಿರ ಬಂದಾಗ, ಗೊತ್ತಿಲ್ಲದವರ ಮನೆಯ ಬಾಗಿಲಲ್ಲಿ ನಿಂತು ಕರೆದ ಹಾಗೆ, ಕೇಳಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ, ‘ಅಕ್ಕಾ’ ಎಂಬ ದನಿ ಬಂತು.

‘ಬಂದೆ’ ಎಂದು ಮಂಜುಳಮ್ಮ ಓಡಿದರು. ಅರವತ್ತೆಂಟು ವರ್ಷದವರು ನಿಜವಾಗಿಯೂ ಓಡಿದರು.

ವಾಪಸ್ ಬಂದು ಕೈ ಒರೆಸಿಕೊಂಡಾಗ ನಾನು ಕೆಂಪು ಪೆನ್ನನ್ನು ಅವರ ಮುಂದೆ ಸರಿಸಿದೆ. ಅವರು ಅದರ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

‘ಕೂಗಿ ಕರೀಲಿ. ಮುಂಚೆ ಹೇಗೆ ಬೈಕೊಂಡು ಕರೀತಿದ್ಳೋ, ಹಾಗೆ ಕರೀಲಿ’ ಅಂದರು. ‘ಆಮೇಲೆ ಹಾಕ್ತೀನಿ.’

ಕಂಪನಿಯಿಂದ ಈಗಲೂ ತಿಂಗಳಿಗೊಮ್ಮೆ ಕರೆ ಬರುತ್ತದೆ, ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು. ಮಂಜುಳಮ್ಮ ಆ ದನಿಯನ್ನು ಕೊನೆಯವರೆಗೂ ಕೇಳಿ, ಒಂದೂ ಒತ್ತದೆ ಫೋನ್ ಇಡುತ್ತಾರೆ. ಆ ಹಾಳೆಗೆ ಇನ್ನೂ ಟಿಕ್ ಬಿದ್ದಿಲ್ಲ. ನೆನ್ನೆ ಸಂಜೆಯೂ ಕೆಳಗೆ ಹೋಗಿ ಮೊದಲು ಆಂಜನಮ್ಮನ ಲೋಟ ನೋಡಿದೆ, ಅರ್ಧ ತುಂಬಿತ್ತು.